ಎತ್ತರ 5 ಮೀಟರೋ, ರಾಶಿಯ 5 ಪಟ್ಟೋ? ಗಣಿತದ ಮಾರ್ಕಪ್‌ನಲ್ಲಿ ಏಕಮಾನ ಬರೆಯುವ ಪ್ರಶ್ನೆ

ವಿಜ್ಞಾನ ಮಿಸ್:

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದಲ್ಲಿ 9ನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತೇನೆ. ನೋಟ್ಸ್ ಅನ್ನು ವೆಬ್ ಪುಟವಾಗಿ ಮಾಡಿ ಮಕ್ಕಳಿಗೆ ಕೊಡುತ್ತೇನೆ. ಸೂತ್ರಗಳನ್ನು ಚಿತ್ರವಾಗಿ ಅಂಟಿಸುವುದಿಲ್ಲ, ವೆಬ್ ಪುಟದಲ್ಲಿ ಟ್ಯಾಗ್ ಎಂಬ ಗುರುತು ಹಾಕಿ ಗಣಿತ ಬರೆಯುವ ಮಾರ್ಕಪ್ ಆದ ಮ್ಯಾಥ್‌ಎಂಎಲ್‌ನಲ್ಲೇ ಬರೆಯುತ್ತೇನೆ. ಅದಕ್ಕೆ ಕಾರಣ ಇದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿಗೆ ಕಣ್ಣು ಕಾಣುವುದಿಲ್ಲ. ಅವನು ಸ್ಕ್ರೀನ್ ರೀಡರ್ ಹಾಕಿಕೊಂಡು ಕೇಳಿಸಿಕೊಂಡೇ ಓದುತ್ತಾನೆ. ಚಿತ್ರ ಹಾಕಿದರೆ ಅವನ ಪಾಲಿಗೆ ಅಲ್ಲಿ ಏನೂ ಇರುವುದಿಲ್ಲ.

ಕಳೆದ ವಾರ ಪ್ರಚ್ಛನ್ನ ಶಕ್ತಿಯ ಲೆಕ್ಕ ಕೊಟ್ಟಿದ್ದೆ. ರಾಶಿ 2 ಕೆಜಿ, ಎತ್ತರ 5 ಮೀಟರ್, ಸೂತ್ರ 'ಎಂ ಜಿ ಎಚ್', ಅಂದರೆ ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಮೂರರ ಗುಣಲಬ್ಧ. ಉತ್ತರ 98 ಜೂಲ್. ಎಲ್ಲರಿಗೂ ಬಂತು, ಅವನಿಗೆ ಬರಲಿಲ್ಲ. ಲೆಕ್ಕದಲ್ಲಿ ಜಾಣ ಹುಡುಗ, ಹಾಗಾಗಿ ನನಗೆ ಆಶ್ಚರ್ಯ ಆಯಿತು. ಕರೆದು ಕೇಳಿದೆ. 'ಮಿಸ್, ಎತ್ತರ ಅಂದರೆ ರಾಶಿಯ ಐದು ಪಟ್ಟು ಅಂತ ಬರೆದಿದ್ದೀರಲ್ಲ, ಹಾಗಾದರೆ ಎತ್ತರ ಹತ್ತು ಅಲ್ವಾ?' ಅಂದ. ಯಂತ್ರ ಅವನಿಗೆ 'ಎಚ್ ಈಕ್ವಲ್ಸ್ ಫೈವ್ ಎಂ' ಎಂದು ಓದಿತ್ತು. ಎರಡು ಸಾಲು ಮೇಲೆ 'ಎಂ' ಅಂದರೆ ರಾಶಿ ಎಂದು ನಾನೇ ಹೇಳಿದ್ದೆ. ಅವನು ಕೇಳಿದ್ದು ಸರಿ, ಅರ್ಥ ಮಾಡಿಕೊಂಡದ್ದೂ ಸರಿ. ನಾನು ಬರೆದದ್ದೇ ಹಾಗೆ.

ಆಮೇಲೆ ಪುಟವನ್ನು ನೋಡುತ್ತಾ ಕೂತೆ. ಮೀಟರಿನ 'ಎಂ' ಓರೆ ಅಕ್ಷರದಲ್ಲಿ ಬಂದಿದೆ. ಕಿಲೋಗ್ರಾಂನ 'ಕೆಜಿ' ಮಾತ್ರ ನೇರವಾಗಿ ಬಂದಿದೆ. ಎರಡಕ್ಕೂ ನಾನು ಒಂದೇ ಟ್ಯಾಗ್ ಹಾಕಿದ್ದೆ. ಯಾಕೆ ಹೀಗೆ? ಏಕಮಾನಕ್ಕೆ ಅಂತಲೇ ಒಂದು ಟ್ಯಾಗ್ ಇದೆಯಾ? ಇನ್ನೊಂದು ವಿಷಯ: ಕನ್ನಡದಲ್ಲಿ 'ಮೀ.' 'ಕಿ.ಗ್ರಾಂ' ಎಂದು ಬರೆಯಲೋ, ಇಂಗ್ಲಿಷಿನ ಚಿಹ್ನೆಯನ್ನೇ ಬಿಡಲೋ? ಗೊತ್ತಿದ್ದವರು ದಯವಿಟ್ಟು ಹೇಳಿ. ಅವನಿಗೆ ಮುಂದಿನ ಪಾಠ ಕೊಡುವಷ್ಟರಲ್ಲಿ ಇದನ್ನು ಸರಿ ಮಾಡಬೇಕು.

ಟ್ಯಾಗ್ ಕೆಲಸದವನು:

ಮೇಡಂ, ನೀವು ಹಾಕಿದ್ದು 'ಎಂಐ' ಟ್ಯಾಗ್ ಇರಬೇಕು. ಅದಕ್ಕೊಂದು ಹುಟ್ಟುಗುಣ ಇದೆ. ಒಳಗೆ ಒಂದೇ ಅಕ್ಷರ ಇದ್ದರೆ ಅದು ಚರಾಕ್ಷರ ಎಂದುಕೊಂಡು ಓರೆಯಾಗಿ ತೋರಿಸುತ್ತದೆ. ಎರಡು ಅಥವಾ ಹೆಚ್ಚು ಅಕ್ಷರ ಇದ್ದರೆ 'ಸೈನ್', 'ಲಾಗ್' ಥರದ ಹೆಸರು ಎಂದುಕೊಂಡು ನೇರವಾಗಿ ಬಿಡುತ್ತದೆ. ನಿಮ್ಮ 'ಕೆಜಿ' ಎರಡಕ್ಷರ, ಬಚಾವಾಯಿತು. 'ಎಂ' ಒಂದೇ ಅಕ್ಷರ, ಸಿಕ್ಕಿಕೊಂಡಿತು. ಸೆಕೆಂಡಿನ 'ಎಸ್', ನ್ಯೂಟನ್ನಿನ 'ಎನ್', ವೋಲ್ಟಿನ 'ವಿ', ಆಂಪಿಯರಿನ 'ಎ', ಎಲ್ಲದಕ್ಕೂ ಇದೇ ಗತಿ. ಇದಕ್ಕೆ ಮದ್ದು ಸುಲಭ. ಆ ಎಂಐ ಟ್ಯಾಗಿಗೆ 'ಮ್ಯಾಥ್‌ವೇರಿಯಂಟ್' ಗುಣ ಕೊಟ್ಟು 'ನಾರ್ಮಲ್' ಎಂದು ಬರೆಯಿರಿ, ಅಕ್ಷರ ನೇರ ನಿಲ್ಲುತ್ತದೆ. ಈಗಿನ ಬ್ರೌಸರ್‌ಗಳು ಅನುಸರಿಸುವ ಮ್ಯಾಥ್‌ಎಂಎಲ್ ಕೋರ್‌ನಲ್ಲಿ ಆ ಗುಣಕ್ಕೆ ಉಳಿದಿರುವ ಬೆಲೆ ಇದೊಂದೇ. ಬೇರೆಯವನ್ನೆಲ್ಲ ತೆಗೆದಿದ್ದಾರೆ.

ಇದು ಕಣ್ಣಿಗೆ ಆಯಿತು. ಕಿವಿಗೆ ಇದು ಸಾಲದು, ಅಕ್ಷರ ನೇರ ಇದ್ದರೂ ಯಂತ್ರ ಅದನ್ನು 'ಎಂ' ಅಂತಲೇ ಓದಬಹುದು.

ಏಕಮಾನಕ್ಕೆ ಅಂತಲೇ ಟ್ಯಾಗ್ ಇದೆಯಾ ಎಂದು ಕೇಳಿದಿರಿ. ಇಲ್ಲ. ಮ್ಯಾಥ್‌ಎಂಎಲ್‌ನ ಮೊದಲ ಆವೃತ್ತಿ ಬಂದದ್ದು 1998ರಲ್ಲಿ, ಎರಡನೆಯದು 2001ರಲ್ಲಿ. ಎರಡರಲ್ಲೂ ಏಕಮಾನಕ್ಕೆ ಪ್ರತ್ಯೇಕ ಟ್ಯಾಗ್ ಇರಲಿಲ್ಲ. 2003ರ ನವೆಂಬರ್‌ನಲ್ಲಿ ವೆಬ್‌ನ ನಿಯಮ ರೂಪಿಸುವ ಸಂಸ್ಥೆಯಾದ ಡಬ್ಲ್ಯು3ಸಿ ಏಕಮಾನಗಳ ಬಗ್ಗೆ ಒಂದು ಟಿಪ್ಪಣಿ ಹೊರತಂದಿತು. ಅದು ನಿಯಮ ಅಲ್ಲ, ಸಲಹೆ. ಎಂಐ ಟ್ಯಾಗಿಗೆ ಒಂದು ಕ್ಲಾಸ್ ಹೆಸರು ಕೊಟ್ಟು, ಇದು ಏಕಮಾನ ಎಂದು ಗುರುತು ಹಾಕಿ ಎಂದು ಅದರಲ್ಲಿ ಇದೆ. ಸಂಖ್ಯೆಗೂ ಏಕಮಾನಕ್ಕೂ ನಡುವೆ ಕಣ್ಣಿಗೆ ಕಾಣದ ಗುಣಾಕಾರ ಚಿಹ್ನೆ ಹಾಕಿ ಎಂದೂ ಇದೆ. ಇದು ನನಗೆ ಬಹಳ ಇಷ್ಟವಾದ ಮಾತು. 5 ಮೀಟರ್ ಅಂದರೆ ನಿಜಕ್ಕೂ 5 ಗುಣಿಸು 1 ಮೀಟರ್ ತಾನೇ? ನಿಮ್ಮ ಹುಡುಗ ಗುಣಾಕಾರ ಕೇಳಿಸಿಕೊಂಡದ್ದು ತಪ್ಪಲ್ಲ. ಯಾವುದರಿಂದ ಗುಣಿಸಬೇಕು ಎನ್ನುವುದು ಅವನಿಗೆ ತಲುಪಲಿಲ್ಲ, ಅಷ್ಟೇ.

ಈಗ ನಾಲ್ಕನೇ ಆವೃತ್ತಿಯ ಕರಡಿನಲ್ಲಿ 'ಇಂಟೆಂಟ್' ಎಂಬ ಗುಣ ಬಂದಿದೆ. ಬರೆದವರ ಮನಸ್ಸಿನಲ್ಲಿ ಇದ್ದದ್ದು ಏನು ಎಂದು ಯಂತ್ರಕ್ಕೆ ಹೇಳುವ ಜಾಗ ಅದು. ಅಲ್ಲಿ ಮುಂದೆ ಎರಡು ಚುಕ್ಕಿ ಇಟ್ಟು 'ಯೂನಿಟ್' ಎಂದು ಬರೆದರೆ, ಇದನ್ನು ತಿಳಿದ ಓದುಯಂತ್ರ 'ಎಂ' ಅನ್ನು 'ಮೀಟರ್' ಎಂದು ಓದುತ್ತದೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಜೊತೆ ಬಳಸುವ, ಗಣಿತ ಓದಿಸುವ ಮ್ಯಾಥ್‌ಕ್ಯಾಟ್‌ಗೆ ಇದು ತಿಳಿಯುತ್ತದೆ. ಕನ್ನಡದಲ್ಲಿ ಓದಿಸಬೇಕು ಎಂದರೆ ಇನ್ನೂ ಒಂದು ದಾರಿ ಇದೆ. ಇಂಟೆಂಟ್ ಒಳಗೆ ನೇರವಾಗಿ ಕನ್ನಡ ಅಕ್ಷರದಲ್ಲೇ 'ಮೀಟರ್' ಎಂದು ಬರೆಯಬಹುದು. ಯಂತ್ರಕ್ಕೆ ಗೊತ್ತಿಲ್ಲದ ಹೆಸರು ಸಿಕ್ಕರೆ ಅದನ್ನು ಇದ್ದ ಹಾಗೇ ಓದಬೇಕು ಎಂಬುದೇ ಅಲ್ಲಿನ ಕ್ರಮ. ಎರಡು ಪದ ಇದ್ದರೆ ನಡುವೆ ಅಡ್ಡಗೆರೆ ಹಾಕಿ: 'ಚದರ-ಮೀಟರ್'.

ಒಂದು ಮಾತ್ರ ಮಾಡಬೇಡಿ. ಇಡೀ ಸೂತ್ರದ ಮೇಲೆ 'ಏರಿಯಾ ಲೇಬಲ್' (ಯಂತ್ರ ಓದಲೆಂದು ಕೊಡುವ ಬದಲಿ ಪಠ್ಯ) ಹಾಕಿ ವಾಕ್ಯವಾಗಿ ಬರೆದುಬಿಟ್ಟರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಹುಡುಗ ಸೂತ್ರದ ಒಳಗೆ ಒಂದೊಂದೇ ತುಂಡಾಗಿ ಓಡಾಡಲು ಆಗುವುದಿಲ್ಲ, ಬ್ರೈಲ್ ಪಟ್ಟಿಗೂ ಗಣಿತದ ಬದಲು ಬರೀ ವಾಕ್ಯ ಹೋಗುತ್ತದೆ.

ಗಣಿತ ಮೇಷ್ಟ್ರು:

ನಾನು ಬೇರೆ ಕಡೆಯಿಂದ ಬರುತ್ತೇನೆ. ಈ ಓರೆ ಅಕ್ಷರ, ನೇರ ಅಕ್ಷರ ಎಂಬ ತೊಂದರೆ ಯಾರದು? ಇಂಗ್ಲಿಷಿನದು. ಅವರಿಗೆ ರಾಶಿಗೂ ಮೀಟರಿಗೂ ಒಂದೇ ಅಕ್ಷರ, ಅದಕ್ಕೇ ಒಂದನ್ನು ವಾಲಿಸಿ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಬೇಕಾಯಿತು. 'ಎಂ ಜಿ ಎಚ್' ಸೂತ್ರವನ್ನೇ ನೋಡಿ. 'ಎಂ' ರಾಶಿ, ಮೀಟರೂ ಹೌದು. 'ಜಿ' ಗುರುತ್ವ ವೇಗೋತ್ಕರ್ಷ, ಗ್ರಾಂ ಕೂಡ. 'ಎಚ್' ಎತ್ತರ, ಗಂಟೆಯೂ ಅದೇ. ಮೂರಕ್ಕೆ ಮೂರೂ ಎರಡೆರಡು ವೇಷ ಹಾಕುತ್ತವೆ. ದೂರಕ್ಕೂ 'ಎಸ್', ಸೆಕೆಂಡಿಗೂ 'ಎಸ್'. ವಿಭವಾಂತರಕ್ಕೂ 'ವಿ', ವೋಲ್ಟಿಗೂ 'ವಿ'.

ನಮ್ಮಲ್ಲಿ ಹಾಗಲ್ಲ. ಕನ್ನಡ ಮಾಧ್ಯಮದ ಹಲಗೆ ಮೇಲೆ ಚರಾಕ್ಷರ ಇಂಗ್ಲಿಷಿನಲ್ಲಿ ಇರುತ್ತದೆ, ಏಕಮಾನ ಕನ್ನಡದಲ್ಲಿ ಇರುತ್ತದೆ. 'ಎಚ್' ಸಮ 5 ಮೀ. ಲಿಪಿಯೇ ಬೇರೆ. ಕಣ್ಣಿಗೆ ಗೊಂದಲ ಇಲ್ಲ, ಕಿವಿಗೂ ಗೊಂದಲ ಇಲ್ಲ, 'ಮೀ' ಎಂದು ಕೇಳಿಸಿದರೆ ರಾಶಿ ಎಂದು ಯಾರೂ ತಿಳಿಯುವುದಿಲ್ಲ. ಇಷ್ಟು ಚೆನ್ನಾಗಿರುವ ಪದ್ಧತಿಯನ್ನು ಬಿಟ್ಟು ಇಂಗ್ಲಿಷ್ ಚಿಹ್ನೆ ಹಾಕಿ, ಆಮೇಲೆ ಅದನ್ನು ಬೇರ್ಪಡಿಸಲು ಟ್ಯಾಗ್ ಹುಡುಕುವುದು ಯಾಕೆ? ರಷ್ಯದವರು ತಮ್ಮ ಲಿಪಿಯಲ್ಲೇ ಕಿಲೋಮೀಟರ್ ಚಿಹ್ನೆ ಬರೆಯುತ್ತಾರೆ. ನಾವು ಬರೆದರೆ ಏನು ತಪ್ಪು?

ಪಿಯು ಫಿಸಿಕ್ಸ್:

ಮೇಷ್ಟ್ರೇ, ನಿಮ್ಮ ಮಾತಿನ ಅರ್ಧಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಇನ್ನರ್ಧ ನನ್ನ ಕ್ಲಾಸಿನಲ್ಲಿ ಬಂದು ಕೂರುತ್ತದೆ.

ಹತ್ತನೇ ತರಗತಿವರೆಗೆ 'ಕಿ.ಗ್ರಾಂ', 'ಮೀ/ಸೆ' ಬರೆದ ಮಕ್ಕಳು ಜೂನ್‌ನಲ್ಲಿ ಪಿಯು ಸೈನ್ಸ್‌ಗೆ ಬರುತ್ತಾರೆ. ಪುಸ್ತಕ ಇಂಗ್ಲಿಷ್. ಮೊದಲ ಅಧ್ಯಾಯವೇ ಏಕಮಾನ ಮತ್ತು ಅಳತೆ. ಭಾಷೆ ಹೊಸದು, ಚಿಹ್ನೆಯೂ ಹೊಸದು. ಕಿಲೋಗೆ ದೊಡ್ಡ 'ಕೆ' ಹಾಕುತ್ತಾರೆ, ಅದು ಕೆಲ್ವಿನ್ ಆಗುತ್ತದೆ. ಗ್ರಾಮಿಗೆ 'ಜಿ' ಮತ್ತು 'ಎಂ' ಎರಡನ್ನೂ ಸೇರಿಸಿ ಬರೆಯುತ್ತಾರೆ, ಯಾಕೆಂದರೆ ಅಂಗಡಿಯ ಬೋರ್ಡಿನಲ್ಲಿ ಹಾಗೇ ಇರುತ್ತದೆ. ಸೆಕೆಂಡಿಗೆ ಮೂರು ಅಕ್ಷರ, ಕೊನೆಗೊಂದು ಚುಕ್ಕಿ. ಪಾಸ್ಕಲ್, ನ್ಯೂಟನ್, ಕೆಲ್ವಿನ್, ಇವೆಲ್ಲ ಮನುಷ್ಯರ ಹೆಸರಿನಿಂದ ಬಂದವು, ಅದಕ್ಕೆ ಚಿಹ್ನೆಯ ಮೊದಲಕ್ಷರ ದೊಡ್ಡದು ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲವಲ್ಲ, ಆ ಪ್ರಶ್ನೆ ಅವರಿಗೆ ಎಂದೂ ಎದುರಾಗಿರುವುದಿಲ್ಲ.

ಅಂತರರಾಷ್ಟ್ರೀಯ ಏಕಮಾನ ಪದ್ಧತಿಯ, ಅಂದರೆ ಎಸ್‌ಐನ, ಕೈಪಿಡಿಯ ಒಂಬತ್ತನೇ ಆವೃತ್ತಿ 2019ರಲ್ಲಿ ಬಂದಿದೆ. ಏಕಮಾನದ ಚಿಹ್ನೆ ಗಣಿತದ ವಸ್ತು, ಅದು ಸಂಕ್ಷೇಪ ಅಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. ನನಗೆ ಈ ಚರ್ಚೆಯ ತಿರುಳೇ ಇದು. ಸಂಕ್ಷೇಪ ಅಂದರೆ ಒಂದು ಪದವನ್ನು ಮೊಟಕು ಮಾಡಿದ್ದು. ಅದು ಭಾಷೆಗೆ ಸೇರಿದ್ದು, ಅದಕ್ಕೆ ಚುಕ್ಕಿ ಬರುತ್ತದೆ, ಬಹುವಚನ ಬರುತ್ತದೆ. ಚಿಹ್ನೆ ಹಾಗಲ್ಲ. ಅಧಿಕ ಚಿಹ್ನೆಯನ್ನು, 'ಪೈ'ಯನ್ನು ಯಾರೂ ಅನುವಾದ ಮಾಡುವುದಿಲ್ಲ. ಹಾಗಾಗಿ ಸಮೀಕರಣದ ಒಳಗೆ ಚಿಹ್ನೆ, ವಾಕ್ಯದ ಒಳಗೆ ಕನ್ನಡ ಪದ. ನನ್ನ ಅಭಿಪ್ರಾಯ ಇದು.

ಹಳೇ ಪ್ರೂಫ್:

ಮೂವತ್ತು ವರ್ಷ ಪಠ್ಯ, ಗೈಡು, ಪ್ರಶ್ನೆಪತ್ರಿಕೆಗಳ ಕರಡು ತಿದ್ದಿದವನು ನಾನು. ಮಾರ್ಕಪ್ ನನಗೆ ಜಾಸ್ತಿ ತಿಳಿಯದು. ಆದರೆ ಈ ಏಕಮಾನಗಳು ನನ್ನ ಕಣ್ಣು ಹಿಂಡಿವೆ, ಅದನ್ನು ಹೇಳಲೇಬೇಕು.

ಕನ್ನಡದ ಸಂಕ್ಷೇಪದಲ್ಲಿ ಗೊಂದಲ ಇಲ್ಲ ಎಂದು ಮೇಷ್ಟ್ರು ಹೇಳಿದರು. ಇದೆ ಸರ್. 'ಮಿ.ಮೀ.' ಮತ್ತು 'ಮೀ.ಮೀ.' ನಡುವೆ ಇರುವುದು ಒಂದು ದೀರ್ಘ ಮಾತ್ರ. 'ಸೆ.' ಅಂದರೆ ಸೆಕೆಂಡು, 'ಸೆಂ.' ಅಂದರೆ ಸೆಂಟಿ. ಆದರೆ ಅರ್ಧಕ್ಕರ್ಧ ಜನ 'ಸೆ.ಮೀ.' ಅಂತಲೇ ಬರೆಯುತ್ತಾರೆ. ಒಂದು ಸೊನ್ನೆ ಬಿದ್ದುಹೋದರೆ ಅದು ಸೆಕೆಂಡು ಮೀಟರ್ ಆಗುತ್ತದೆ. ಓದುವ ಮನುಷ್ಯ ಸರಿ ಮಾಡಿಕೊಳ್ಳುತ್ತಾನೆ. ಯಂತ್ರ ಮಾಡಿಕೊಳ್ಳುತ್ತದಾ? ಚುಕ್ಕಿಯದು ಇನ್ನೊಂದು ಕಥೆ. 'ಕಿ.ಮೀ.' ಸಾಲಿನ ಕೊನೆಗೆ ಬಂದರೆ ಪೂರ್ಣವಿರಾಮಕ್ಕೆ ಇನ್ನೊಂದು ಚುಕ್ಕಿ ಬೇಕೋ ಬೇಡವೋ ಎಂದು ಪ್ರತಿ ಪುಸ್ತಕದಲ್ಲೂ ಹೊಸದಾಗಿ ಜಗಳ ಆಗುತ್ತಿತ್ತು.

ಇನ್ನು ಮನಸ್ಸಿಗೆ ನಾಟಿದ ಒಂದು ಘಟನೆ. ಹಳೇ ಪ್ರಶ್ನೆಪತ್ರಿಕೆಗಳನ್ನು ವೆಬ್‌ಗೆ ಹಾಕಬೇಕು ಎಂದು ಒಂದು ಕಡೆ ನನ್ನನ್ನು ಕರೆದಿದ್ದರು. ಎಲ್ಲವೂ 'ನುಡಿ' ಎಂಬ ಕನ್ನಡ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೇ ಆಸ್ಕಿ ಫಾಂಟಿನಲ್ಲಿ ಇದ್ದವು. ಯೂನಿಕೋಡ್‌ಗೆ ಪರಿವರ್ತಿಸಿ ನನ್ನ ಕೈಗೆ ಕೊಟ್ಟರು. ನೋಡಿದರೆ ವಿಸ್ತೀರ್ಣದ ಲೆಕ್ಕದಲ್ಲಿ '25 ಮೀಶಿ', ಉಷ್ಣತೆಯ ಲೆಕ್ಕದಲ್ಲಿ '30ಲಿ' ಎಂದು ಇದೆ. ಮೊದಲು ಏನೂ ಅರ್ಥ ಆಗಲಿಲ್ಲ. ಆಮೇಲೆ ತಿಳಿಯಿತು. ಆ ಹಳೇ ಫಾಂಟಿನಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಚಿಹ್ನೆಗಳ ಮನೆಯಲ್ಲೇ ಬಾಡಿಗೆಗೆ ಇದ್ದವು. ಮೇಲೆ ಬರೆಯುವ ಸಣ್ಣ ² ಇದ್ದ ಜಾಗದಲ್ಲಿ 'ಶಿ' ಕೂತಿತ್ತು. ಡಿಗ್ರಿಯ ° ಜಾಗದಲ್ಲಿ 'ಲಿ'. ಮೈಕ್ರೋದ ಮ್ಯೂ ಚಿಹ್ನೆಯ ಜಾಗದಲ್ಲಿ 'ಷ'. ಡಿಟಿಪಿ ಮಾಡಿದವರು ಆ ಚಿಹ್ನೆಗೆ ಮಾತ್ರ ಇಂಗ್ಲಿಷ್ ಫಾಂಟ್ ಹಾಕಿದ್ದರು, ಕಾಗದದ ಮೇಲೆ ಸರಿಯಾಗಿಯೇ ಅಚ್ಚಾಗಿತ್ತು. ಫಾಂಟಿನ ಗುರುತು ಕಳಚಿ ಪರಿವರ್ತಿಸಿದ ಕೂಡಲೇ ಎಲ್ಲವೂ ಕನ್ನಡ ಅಕ್ಷರ ಆಗಿಬಿಟ್ಟವು. ನೂರಾರು ಪುಟ ಕೈಯಲ್ಲಿ ತಿದ್ದಿದ್ದೇನೆ. ಇದು ಏಕಮಾನ, ಇದು ಘಾತ ಎಂದು ಅವತ್ತೇ ಯಾರಾದರೂ ಗುರುತು ಹಾಕಿದ್ದರೆ ಆ ಶ್ರಮ ಬೇಕಿರಲಿಲ್ಲ. ಅದಕ್ಕೇ ಟ್ಯಾಗ್ ಬೇಡ ಎಂದು ಯಾರಾದರೂ ಹೇಳಿದರೆ ನನಗೆ ನೋವಾಗುತ್ತದೆ.

ಗಣಿತ ಮೇಷ್ಟ್ರು:

ಸರ್, ಇದು ನನಗೆ ಗೊತ್ತಿರಲಿಲ್ಲ. ಟ್ಯಾಗ್ ಬೇಡ ಎಂದು ನಾನು ಹೇಳಲಿಲ್ಲ, ಕನ್ನಡವನ್ನು ತೆಗೆಯಬೇಡಿ ಎಂದೆ. ಗುರುತು ಹಾಕಬೇಕು ಎನ್ನುವುದನ್ನು ಒಪ್ಪಿದ್ದೇನೆ. 'ಸೆ.ಮೀ.' ತಪ್ಪನ್ನು ನಾನೂ ಮಾಡಿದ್ದೇನೆ, ಇನ್ನು ಮಾಡುವುದಿಲ್ಲ.

ಆದರೆ ಪಿಯು ಮೇಡಂಗೆ ಒಂದು ಪ್ರಶ್ನೆ. ಐದನೇ ತರಗತಿ ಮಗು 'ಚದರ ಸೆಂಟಿಮೀಟರ್' ಎಂದು ಕಲಿಯುವಾಗ ಅದರ ಕೈಯಲ್ಲಿ ಇಂಗ್ಲಿಷ್ ಚಿಹ್ನೆ ಕೊಟ್ಟರೆ ಏನು ಉಪಯೋಗ? ಚದರ ಎಂಬ ಪದದಲ್ಲಿ ಚೌಕ ಇದೆ. ಚೌಕ ಕಂಡ ಮೇಲೆ ತಾನೇ ಮೇಲಿನ ಸಣ್ಣ 2 ಯಾಕೆ ಎಂದು ಹೊಳೆಯುವುದು?

ಪಿಯು ಫಿಸಿಕ್ಸ್:

ಐದನೇ ತರಗತಿಗೆ ಪದವೇ ಸರಿ, ಸಂಕ್ಷೇಪವೂ ಬೇಡ. ಪೂರ್ತಿ ಪದ ಬರೆಯಲಿ. ಎಂಟನೇ ತರಗತಿಯಿಂದ ಎರಡನ್ನೂ ಪಕ್ಕಪಕ್ಕ ತೋರಿಸಿ ಎನ್ನುವುದು ನನ್ನ ಕೋರಿಕೆ. ಪಕ್ಕದಲ್ಲಿ ಇದ್ದರೆ ಸಾಕು, ಮಕ್ಕಳು ತಾವೇ ಹಿಡಿದುಕೊಳ್ಳುತ್ತಾರೆ.

ಟ್ಯಾಗ್ ಕೆಲಸದವನು:

ಚದರ ಎಂದಿರಲ್ಲ ಮೇಷ್ಟ್ರೇ, ಮಾರ್ಕಪ್‌ನಲ್ಲಿ ಅಲ್ಲೇ ಒಂದು ಹಳ್ಳ ಇದೆ. ಚದರ ಸೆಂಟಿಮೀಟರ್ ಎಂದರೆ ಸೆಂಟಿಮೀಟರಿನ ವರ್ಗ. ಸೆಂಟಿಯನ್ನು ಹೊರಗಿಟ್ಟು ಮೀಟರನ್ನು ಮಾತ್ರ ವರ್ಗ ಮಾಡಿದ್ದಲ್ಲ. ಸೆಂಟಿ ಥರದ ಮುಂಪದ ಏಕಮಾನಕ್ಕೆ ಅಂಟಿಕೊಂಡೇ ಘಾತಕ್ಕೆ ಏರಬೇಕು. ಅದಕ್ಕೇ ಒಂದು ಘನ ಸೆಂಟಿಮೀಟರ್ ಎಂದರೆ ಘನ ಮೀಟರಿನ ಹತ್ತು ಲಕ್ಷದ ಒಂದು ಭಾಗ, ನೂರರ ಒಂದು ಭಾಗ ಅಲ್ಲ. ಮಾರ್ಕಪ್ ಮಾಡುವಾಗ 'ಸಿ' ಒಂದು ಎಂಐ, 'ಎಂ' ಇನ್ನೊಂದು ಎಂಐ ಎಂದು ಒಡೆದು, ಎರಡನೆಯದಕ್ಕೆ ಮಾತ್ರ ಘಾತ ಹಾಕಿದರೆ ಪರದೆಯ ಮೇಲೆ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. ಒಳಗಿನ ಅರ್ಥ ಪೂರಾ ತಪ್ಪು. ಚಿಹ್ನೆ ಎಷ್ಟೇ ಅಕ್ಷರ ಇರಲಿ, ಒಂದೇ ಎಂಐ ಒಳಗೆ ಇಡಿ, ಆಮೇಲೆ ಅದರ ಹೊರಗೆ ಘಾತದ ಟ್ಯಾಗ್. ತಾನಾಗಿ ಪರಿವರ್ತಿಸುವ ಸಾಧನಗಳು ಅಕ್ಷರ ಅಕ್ಷರ ಒಡೆಯುವುದು ಹೆಚ್ಚು, ಅದನ್ನು ಕಣ್ಣಿಟ್ಟು ನೋಡಬೇಕು.

ಕನ್ನಡ ಸಂಕ್ಷೇಪ ಬಳಸುವುದಾದರೆ ಎಂಐ ಬದಲು 'ಎಂಟೆಕ್ಸ್ಟ್' ಒಳಗೆ ಹಾಕಿ. ಅದು ಪಠ್ಯಕ್ಕಾಗಿಯೇ ಇರುವ ಟ್ಯಾಗ್. ಗಣಿತದ ಫಾಂಟ್‌ಗಳಲ್ಲಿ ಕನ್ನಡ ಅಕ್ಷರ ಇರುವುದಿಲ್ಲ, ಬ್ರೌಸರ್ ಬೇರೆ ಫಾಂಟಿನಿಂದ ತರುತ್ತದೆ. ಗಾತ್ರ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಒಂದು ಕನ್ನಡ ಫಾಂಟ್ ಹೆಸರಿಸಿ ಗಾತ್ರ ಹೊಂದಿಸಿಬಿಡಿ. 'ಗ್ರಾಂ' ಪದದ ಒತ್ತು ಭಿನ್ನರಾಶಿಯ ಗೆರೆಯ ಹತ್ತಿರ ಬರುತ್ತದೆ, ಅದನ್ನೂ ನೋಡಿಕೊಳ್ಳಿ.

ಹಳೇ ಪ್ರೂಫ್:

ಜಾಗ ಬಿಡುವ ವಿಷಯ ಯಾರೂ ಹೇಳಲಿಲ್ಲ. ಸಂಖ್ಯೆಗೂ ಏಕಮಾನಕ್ಕೂ ನಡುವೆ ಒಂದು ತೆರಪು ಇರಬೇಕು. 30 °ಸೆ ಎಂಬಲ್ಲೂ ಇರಬೇಕು. ಕೋನದ 30° ಎಂಬಲ್ಲಿ ಮಾತ್ರ ಅಂಟಿಸಬೇಕು. ಮಾಮೂಲಿ ಪಠ್ಯದಲ್ಲಿ ಆ ತೆರಪು ಮುರಿಯದ ತೆರಪಾಗಿರಲಿ, ಇಲ್ಲದಿದ್ದರೆ 5 ಈ ಸಾಲಿನ ಕೊನೆಯಲ್ಲೂ ಮೀಟರ್ ಮುಂದಿನ ಸಾಲಿನಲ್ಲೂ ಬೀಳುತ್ತದೆ. ಲೀಟರಿಗೆ ದೊಡ್ಡ 'ಎಲ್' ಬಳಸಿ. ಸಣ್ಣದು 1 ಎಂಬ ಅಂಕಿಯ ಹಾಗೇ ಕಾಣುತ್ತದೆ. ದೊಡ್ಡದಕ್ಕೆ 1979ರಲ್ಲೇ ಒಪ್ಪಿಗೆ ಸಿಕ್ಕಿದೆ.

ನಾಲೆ ನೀರು:

ನೀವೆಲ್ಲ ಎಸ್‌ಐ ಏಕಮಾನ ಮಾತಾಡುತ್ತಿದ್ದೀರಿ. ನಮ್ಮ ಊರಿನ ಕಡೆ ಬದುಕು ನಡೆಯುವುದು ಬೇರೆ ಏಕಮಾನದಲ್ಲಿ. ನಾನು ನೀರಾವರಿ ಲೆಕ್ಕದ ಪುಟಗಳನ್ನು ಮಾಡುತ್ತೇನೆ, ನನ್ನ ತೊಂದರೆಯನ್ನೂ ಕೇಳಿ.

ಟಿಎಂಸಿ ಎಂದು ದಿನಾ ಪತ್ರಿಕೆಯಲ್ಲಿ ಓದುತ್ತೇವೆ. ಅದು ಸಾವಿರ ಮಿಲಿಯನ್ ಘನ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಸುಮಾರು 2,832 ಕೋಟಿ ಲೀಟರ್. ಕನ್ನಂಬಾಡಿ ಕಟ್ಟೆಯ ಒಟ್ಟು ಸಾಮರ್ಥ್ಯ 49.45 ಟಿಎಂಸಿ ಎನ್ನುತ್ತೇವೆ, ಮಟ್ಟ 124.80 ಅಡಿ ಎನ್ನುತ್ತೇವೆ. ಪಿಯು ಮೇಡಂ ಹೇಳಿದ ಗೆರೆಯಲ್ಲಿ ನೋಡಿದರೆ ಟಿಎಂಸಿ ಚಿಹ್ನೆ ಅಲ್ಲ, ಅದು ಅಪ್ಪಟ ಸಂಕ್ಷೇಪ. ಎಸ್‌ಐ ಕಣ್ಣಿನಿಂದ ಒಂದೊಂದೇ ಅಕ್ಷರ ಓದಿದರೆ 'ಟಿ' ಟೆಸ್ಲಾ, 'ಸಿ' ಕೂಲಂಬ್. ಕೊನೆಯ 'ಅಡಿ'ಯನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ, ಏಕಮಾನದ ತಿರುಳೇ ಅಲ್ಲಿ ಕಾಣೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನ ಪೂರ್ತಿ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಈ ಎರಡರ ಸಂಬಂಧವನ್ನು ಸಮೀಕರಣವಾಗಿ ಬರೆಯುವಾಗ ಯಾವ ಟ್ಯಾಗ್ ಹಾಕಲಿ?

ಇನ್ನೊಂದು ಇದಕ್ಕಿಂತ ದೊಡ್ಡದು. ಜಮೀನು. ಪಹಣಿಯಲ್ಲಿ ವಿಸ್ತೀರ್ಣವನ್ನು 2.15 ಎಂದು ಶುರು ಮಾಡಿ ಮುಂದೆ ಚುಕ್ಕಿ, ಸೊನ್ನೆ ಬರೆಯುತ್ತಾರೆ. ಅದು 2 ಎಕರೆ 15 ಗುಂಟೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ದಶಮಾಂಶದಲ್ಲಿ ಅದು 2.375 ಎಕರೆ. ಯಾರೋ ಅದನ್ನು ಹಾಗೇ ಎತ್ತಿ ಸಂಖ್ಯೆಯ ಟ್ಯಾಗಿನಲ್ಲಿ 2.15 ಎಂದು ಹಾಕಿ ಪಕ್ಕದಲ್ಲಿ ಎಕರೆ ಎಂದು ಬರೆದರು ಎನ್ನಿ. 2 ಎಕರೆ 6 ಗುಂಟೆ ಆಗಿಬಿಡುತ್ತದೆ. 9 ಗುಂಟೆ ಮಾಯ. ಗುಂಟೆಗೆ 33 ಅಡಿ ಉದ್ದ 33 ಅಡಿ ಅಗಲ, 1,089 ಚದರ ಅಡಿ. 9 ಗುಂಟೆಗೆ 9,801 ಚದರ ಅಡಿ. ಅಷ್ಟು ಜಾಗದಲ್ಲಿ ಎಂಟು ಮನೆ ಕಟ್ಟಬಹುದು. ಒಂದು ಚುಕ್ಕಿಯ ಅರ್ಥ ಹೇಳದೆ ಬಿಟ್ಟದ್ದಕ್ಕೆ ಇಷ್ಟು ವ್ಯತ್ಯಾಸ.

ಟ್ಯಾಗ್ ಕೆಲಸದವನು:

ಟಿಎಂಸಿ, ಕ್ಯೂಸೆಕ್ ಎರಡನ್ನೂ ಎಂಟೆಕ್ಸ್ಟ್‌ನಲ್ಲಿ ಹಾಕಿ, ಇಂಟೆಂಟ್‌ನಲ್ಲಿ ಪೂರ್ತಿ ಹೆಸರು ಕೊಡಿ: 'ಸಾವಿರ-ಮಿಲಿಯನ್-ಘನ-ಅಡಿ'. ಮಾಮೂಲಿ ವಾಕ್ಯದಲ್ಲಿ ಬಂದರೆ ಮ್ಯಾಥ್‌ಎಂಎಲ್ ಬೇಡವೇ ಬೇಡ. ಎಚ್‌ಟಿಎಂಎಲ್‌ನಲ್ಲಿ ಸಂಕ್ಷೇಪಕ್ಕೆ ಅಂತಲೇ 'ಎಬಿಬಿಆರ್' ಟ್ಯಾಗ್ ಇದೆ, ಅದು ಸಾಕು.

ಪಹಣಿಯ ಲೆಕ್ಕಕ್ಕೆ ಒಂದೇ ಸಂಖ್ಯೆಯ ಟ್ಯಾಗ್ ಎಂದೂ ಬಳಸಬೇಡಿ. ಅದು ಒಂದು ಸಂಖ್ಯೆ ಅಲ್ಲ, ಎರಡು ಸಂಖ್ಯೆ, ಎರಡು ಏಕಮಾನ. 2 ಒಂದು ಟ್ಯಾಗ್, ಎಕರೆ ಒಂದು, 15 ಇನ್ನೊಂದು, ಗುಂಟೆ ಮತ್ತೊಂದು. ಎರಡು ಜೋಡಿಯ ನಡುವೆ ಕಾಣದ ಗುಣಾಕಾರ ಹಾಕಬೇಡಿ, ಅಲ್ಲಿ ಇರುವುದು ಸಂಕಲನ. ಕಾಣದ ಕೂಡುವ ಚಿಹ್ನೆಯೂ ಯೂನಿಕೋಡ್‌ನಲ್ಲಿ ಇದೆ. ಮಿಶ್ರ ಭಿನ್ನರಾಶಿಗೆ ಬಳಸುವುದು ಅದನ್ನೇ.

ಲಾಟೆಕ್ ಅಭ್ಯಾಸಿ:

ಗಣಿತದ ಪಠ್ಯವನ್ನು ಅಚ್ಚಿಗೆ ಜೋಡಿಸುವ ಲಾಟೆಕ್ ತಂತ್ರಾಂಶ ಬಳಸುವವರಿಗೆ ಒಂದು ಸಣ್ಣ ಸೇರ್ಪಡೆ. ಡಾಲರ್ ಚಿಹ್ನೆಗಳ ನಡುವೆ ಸುಮ್ನೆ 'ಎಂ' ಎಂದು ಬರೆದರೆ ಇಲ್ಲೂ ಓರೆಯಾಗಿಯೇ ಬರುತ್ತದೆ. 'ಎಸ್‌ಐಯೂನಿಟ್‌ಎಕ್ಸ್' ಪ್ಯಾಕೇಜ್ ಹಾಕಿಕೊಳ್ಳಿ, ತೆರಪು, ನೇರ ಅಕ್ಷರ, ಘಾತ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಹೊಸ ಏಕಮಾನವನ್ನು ನಾವೇ ಘೋಷಿಸಬಹುದು. ನಾನು ಗುಂಟೆಯನ್ನು ಹಾಗೇ ಘೋಷಿಸಿ ಇಟ್ಟುಕೊಂಡಿದ್ದೇನೆ. ಆದರೆ ಕನ್ನಡ ಪದವನ್ನು ನೇರ ಅಕ್ಷರಕ್ಕೆ ಬಳಸುವ 'ಮ್ಯಾಥ್‌ಆರ್‌ಎಂ' ಆದೇಶದ ಒಳಗೆ ಹಾಕಬೇಡಿ, ಆ ಫಾಂಟಿನಲ್ಲಿ ಕನ್ನಡ ಇಲ್ಲ. 'ಟೆಕ್ಸ್ಟ್' ಒಳಗೆ ಹಾಕಿ, ಝೀಲಾಟೆಕ್ ಅಥವಾ ಲುವಾಲಾಟೆಕ್‌ನಲ್ಲಿ ಓಡಿಸಿ.

ಪಿಯು ಫಿಸಿಕ್ಸ್:

ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ವೇಗದ ಏಕಮಾನವನ್ನು ನಾವು ತರಗತಿಯಲ್ಲಿ 'ಮೀಟರ್ ಪರ್ ಸೆಕೆಂಡ್' ಎಂದು ಓದುತ್ತೇವೆ. ಆದರೆ ಮನೆಯಲ್ಲಿ ಯಾರೂ 'ಅರವತ್ತು ಕಿಲೋಮೀಟರ್ ಪರ್ ಗಂಟೆ' ಎನ್ನುವುದಿಲ್ಲ. 'ಗಂಟೆಗೆ ಅರವತ್ತು ಕಿಲೋಮೀಟರ್' ಎನ್ನುತ್ತೇವೆ. ಕನ್ನಡದಲ್ಲಿ ಛೇದ ಮೊದಲು ಬರುತ್ತದೆ, ಆಮೇಲೆ ಸಂಖ್ಯೆ, ಕೊನೆಗೆ ಅಂಶ. ಸಂಖ್ಯೆ ಏಕಮಾನದ ಹೊಟ್ಟೆಯೊಳಗೆ ಕೂರುತ್ತದೆ. ಬರೀ ಏಕಮಾನದ ಮೇಲೆ ಗುರುತು ಹಾಕಿದರೆ ಇದನ್ನು ಓದಿಸಲು ಆಗುವುದಿಲ್ಲ ಅಲ್ವಾ?

ಟ್ಯಾಗ್ ಕೆಲಸದವನು:

ಆಗುವುದಿಲ್ಲ ಮೇಡಂ, ಸರಿಯಾಗಿ ಹಿಡಿದಿರಿ. ಸಂಖ್ಯೆ ಮತ್ತು ಏಕಮಾನ ಎರಡನ್ನೂ ಸುತ್ತುವ ಹೊರ ಟ್ಯಾಗಿನ ಮೇಲೆ ಇಂಟೆಂಟ್ ಬರೆಯಬೇಕು. ಒಳಗಿನ ಪ್ರತಿ ತುಂಡಿಗೆ ಒಂದು ಹೆಸರು ಕೊಟ್ಟು, ಓದುವ ಕ್ರಮವನ್ನು ಹೊರಗೆ ಹೇಳಬಹುದು. ಬರೆಯುವುದು ಉದ್ದ ಆಗುತ್ತದೆ ನಿಜ. ಆದರೆ ಕನ್ನಡದ ಓದಿನ ನಿಯಮಗಳನ್ನು ಯಂತ್ರದೊಳಗೇ ಸರಿಯಾಗಿ ಬರೆದರೆ ಪ್ರತಿ ಪುಟದಲ್ಲೂ ಇದನ್ನು ಮಾಡಬೇಕಿಲ್ಲ. ಆ ಕೆಲಸಕ್ಕೆ ನಿಮ್ಮಂಥ ಮೇಷ್ಟ್ರುಗಳೇ ಬೇಕು, ನಾನೊಬ್ಬನೇ ಕೂತು ಬರೆದರೆ 'ಪರ್ ಸೆಕೆಂಡ್' ಅಂತಲೇ ಬರೆದುಬಿಡುತ್ತಿದ್ದೆ.

ಗಣಿತ ಮೇಷ್ಟ್ರು:

ವಿಭಕ್ತಿಯನ್ನೂ ಮರೆಯಬೇಡಿ. '5 ಮೀ.ನಿಂದ', '10 ಕೆಜಿಯಷ್ಟು' ಎಂದು ಬರೆಯುವಾಗ ಪ್ರತ್ಯಯ ಎಲ್ಲಿ ನಿಲ್ಲಬೇಕು? ಟ್ಯಾಗಿನ ಒಳಗೆ ಹೋದರೆ ಏಕಮಾನ ಕೆಡುತ್ತದೆ, ಹೊರಗೆ ಬಿಟ್ಟರೆ ಅಂತರ ಬಿದ್ದು ಅನಾಥವಾಗಿ ಕಾಣುತ್ತದೆ. ನಾನು ಕಂಡುಕೊಂಡ ದಾರಿ ಇಷ್ಟು: ಪ್ರತ್ಯಯ ಬೇಕಾದ ಕಡೆ ಚಿಹ್ನೆಯನ್ನೇ ಬಳಸುವುದಿಲ್ಲ, 'ಐದು ಮೀಟರಿನಿಂದ' ಎಂದು ಅಕ್ಷರದಲ್ಲೇ ಬರೆಯುತ್ತೇನೆ. ಇಲ್ಲಿ ಪಿಯು ಮೇಡಂ ಮಾತೇ ಗೆದ್ದಿತು, ಸಮೀಕರಣಕ್ಕೆ ಚಿಹ್ನೆ, ವಾಕ್ಯಕ್ಕೆ ಪದ.

ವಿಜ್ಞಾನ ಮಿಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ರಾತ್ರಿ ಕೂತು ಪ್ರಚ್ಛನ್ನ ಶಕ್ತಿಯ ಪಾಠ ಪೂರ್ತಿ ಮತ್ತೆ ಮಾಡಿದೆ. ಸಮೀಕರಣದಲ್ಲಿ ಎಸ್‌ಐ ಚಿಹ್ನೆ ಇಟ್ಟು, ನೇರ ಅಕ್ಷರ ಮಾಡಿ, ಇಂಟೆಂಟ್‌ನಲ್ಲಿ ಕನ್ನಡ ಹೆಸರು ಬರೆದೆ. ಮೊದಲ ಸಲ ಬಂದ ಕಡೆ ಪಕ್ಕದಲ್ಲೇ ಪೂರ್ತಿ ಕನ್ನಡ ಪದವನ್ನೂ ಕೊಟ್ಟೆ. ವಾಕ್ಯಗಳಲ್ಲಿ ಇದ್ದ 'ಮೀ.' 'ಸೆ.' ಎಲ್ಲ ತೆಗೆದು ಮೀಟರ್, ಸೆಕೆಂಡ್ ಎಂದೇ ಬರೆದೆ. ಹುಡುಕುವಾಗ ಎರಡು ಕಡೆ 'ಸೆ.ಮೀ.' ಸಿಕ್ಕಿತು, ಪ್ರೂಫ್ ಸರ್ ನೆನಪಾದರು.

ಇವತ್ತು ಹುಡುಗನಿಗೆ ಕೊಟ್ಟೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದ. 'ಎಚ್ ಈಕ್ವಲ್ಸ್ ಫೈವ್' ಆದಮೇಲೆ 'ಮೀಟರ್' ಎಂದು ಬಂತು. ಏನೂ ಹೇಳಲಿಲ್ಲ, ಮುಂದಕ್ಕೆ ಹೋದ, ಉತ್ತರ 98 ಎಂದ. ಆಮೇಲೆ 'ಜೂಲ್ ಅಂತ ಬಂತಲ್ಲ ಮಿಸ್, ಅದರೊಳಗೆ ಕೆಜಿ, ಮೀಟರ್, ಸೆಕೆಂಡ್ ಮೂರೂ ಇವೆಯಾ? ಅದನ್ನು ಬಿಡಿಸಿ ಬರೆದರೆ ಯಂತ್ರ ಹೇಗೆ ಓದುತ್ತದೆ, ಕೇಳಬೇಕು' ಅಂದ.

ಜೂಲ್ ಎಂದರೆ ಕಿಲೋಗ್ರಾಂ, ಚದರ ಮೀಟರ್, ಕೆಳಗೆ ಸೆಕೆಂಡಿನ ವರ್ಗ. 'ಚದರ ಮೀಟರ್' ಎಂದು ಓದಿಸಿದರೆ ಅವನು ವಿಸ್ತೀರ್ಣ ಎಂದುಕೊಳ್ಳುತ್ತಾನೆ, ಇಲ್ಲಿ ವಿಸ್ತೀರ್ಣ ಇಲ್ಲವಲ್ಲ. 'ಮೀಟರಿನ ವರ್ಗ' ಎಂದೇ ಬರೆಯಲಾ? ಸೋಮವಾರದ ಒಳಗೆ ಯಾರಾದರೂ ಹೇಳಿ.